ಫೆಬ್ರವರಿಯಲ್ಲಿ ಗಟ್ಟಿಯಾಗಿ ಓದುವುದು

ಷಿಕಾಗೋದ ದಕ್ಷಿಣ ಭಾಗದ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯದಲ್ಲಿ ಶನಿವಾರ ಮಕ್ಕಳಿಗೆ ಕಥೆ ಓದುತ್ತೇನೆ. ಸಂಬಳವಿಲ್ಲದ, ಇಷ್ಟದ ಕೆಲಸ. ಅಲ್ಲಿಗೆ ಬರುವವರಲ್ಲಿ ಬಹುಪಾಲು ಕಪ್ಪು ಕುಟುಂಬದವರು. ಫೆಬ್ರವರಿ ಬಂತೆಂದರೆ ಅಮೆರಿಕದಲ್ಲೆಲ್ಲ ‘ಬ್ಲ್ಯಾಕ್ ಹಿಸ್ಟರಿ ಮಂತ್’, ಕಪ್ಪು ಜನರ ಇತಿಹಾಸವನ್ನು ನೆನೆಯುವ ತಿಂಗಳು. ಬಾಗಿಲ ಬಳಿ ಒಂದು ಮೇಜು, ಮೇಲೆ ಹೆಸರಾದ ನಾಲ್ಕೈದು ಲೇಖಕರ ಪುಸ್ತಕ, ಹಿಂದೆ ಅವರ ಫೋಟೋ. ಮಾರ್ಚ್ ಒಂದಕ್ಕೆ ಮೇಜು ಖಾಲಿ. ಫೋಟೋಗೆ ಹಾರ ಹಾಕಿ, ಭಾಷಣ ಮುಗಿಸಿ, ಉಪ್ಪಿಟ್ಟು ಕೊಟ್ಟು ಕಳಿಸುವ ಜಯಂತಿಗಳನ್ನು ನೋಡಿಯೇ ಬೆಳೆದವಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಪುಸ್ತಕವನ್ನು ಯಾರೂ ತೆರೆಯುವುದಿಲ್ಲವಲ್ಲ ಅನ್ನುವುದಷ್ಟೇ ನನ್ನ ತಕರಾರು.

ಗ್ರಂಥಪಾಲಕಿಯ ಹತ್ತಿರ ಮಾತಾಡಿ ಓದುವ ಕಾರ್ಯಕ್ರಮ ಶುರು ಮಾಡಿದೆ. ಯೋಚನೆ ನನ್ನದಲ್ಲ. ಇಲ್ಲಿನ ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಮಂಡಳಿಯಲ್ಲಿದ್ದ ಕಪ್ಪು ಸದಸ್ಯರ ಬಳಗ 1990ರಲ್ಲಿ ‘ಆಫ್ರಿಕನ್ ಅಮೆರಿಕನ್ ರೀಡ್-ಇನ್’ ಅಂತ ಒಂದನ್ನು ಹುಟ್ಟುಹಾಕಿತು. ಶಾಲೆ, ಚರ್ಚು, ಗ್ರಂಥಾಲಯ, ಮನೆಯ ಹಜಾರ, ಎಲ್ಲಾದರೂ ಸರಿ. ಜನ ಸೇರಿ ಕಪ್ಪು ಲೇಖಕರ ಬರಹವನ್ನು ಗಟ್ಟಿಯಾಗಿ ಓದಬೇಕು. ಅಧ್ಯಕ್ಷರು, ಮುಖ್ಯ ಅತಿಥಿ, ವಂದನಾರ್ಪಣೆ ಯಾವುದೂ ಬೇಡ.

ನಾನು ಹಾಕಿಕೊಂಡ ನಿಯಮವೆಂದರೆ ಒಬ್ಬರ ಓದು ಮೂರು ನಿಮಿಷ ದಾಟಬಾರದು. ದಾಟಿದರೆ ಚಿಕ್ಕ ಮಕ್ಕಳು ಎದ್ದು ಓಡುತ್ತವೆ, ದೊಡ್ಡವರು ಮೊಬೈಲು ತೆಗೆಯುತ್ತಾರೆ. ಹಾಗಾಗಿ ಇಡೀ ಪುಸ್ತಕ ಬಿಟ್ಟು ಒಂದೊಂದು ತುಣುಕು ಹುಡುಕಬೇಕು. ತಿಂಗಳ ಕೆಲಸವೆಲ್ಲ ಅದೇ.

ಮಕ್ಕಳಿಗೆ ನನ್ನ ಮೊದಲ ಆಯ್ಕೆ ಫ್ರೆಡೆರಿಕ್ ಡಗ್ಲಾಸ್. ಗುಲಾಮನಾಗಿ ಹುಟ್ಟಿದವನು, ತಪ್ಪಿಸಿಕೊಂಡು ಬಂದು 1845ರಲ್ಲಿ ಆತ್ಮಕಥೆ ಬರೆದ. ಬಾಲ್ಟಿಮೋರ್‌ನಲ್ಲಿ ಯಜಮಾನನ ಹೆಂಡತಿ ಅವನಿಗೆ ಎಬಿಸಿಡಿ ಹೇಳಿಕೊಡಲು ಶುರುಮಾಡಿದಳು. ಗಂಡನಿಗೆ ಗೊತ್ತಾಗಿ ತಡೆದ. ಆಮೇಲೆ ಹುಡುಗ ಮನೆಯ ಬ್ರೆಡ್ಡು ತೆಗೆದುಕೊಂಡು ಬೀದಿಗೆ ಹೋಗಿ, ಹಸಿದಿದ್ದ ಬಡ ಬಿಳಿ ಹುಡುಗರಿಗೆ ಕೊಟ್ಟು, ಬದಲಿಗೆ ಅವರಿಂದ ಓದು ಕಲಿತ. ಆಗ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧ. ದಕ್ಷಿಣ ಕೆರೊಲಿನಾ 1740ರಷ್ಟು ಹಿಂದೆಯೇ ಅವರಿಗೆ ಬರೆಯಲು ಕಲಿಸಿದವರಿಗೆ ದಂಡ ಹಾಕುವ ಕಾನೂನು ಮಾಡಿತ್ತು.

ಬರೆಯಲು ಕಲಿತದ್ದು ಇನ್ನೂ ಸೊಗಸಾದ ಕಥೆ. ಹಡಗು ಕಟ್ಟುವ ಅಂಗಳದಲ್ಲಿ ಬಡಗಿಗಳು ಮರ ಕೆತ್ತಿದ ಮೇಲೆ ಅದು ಹಡಗಿನ ಯಾವ ಕಡೆಗೆ ಹೋಗಬೇಕೋ ಆ ಅಕ್ಷರ ಬರೆಯುತ್ತಿದ್ದರು. ಎಡಮಗ್ಗುಲಿಗೆ ‘ಎಲ್’, ಬಲಮಗ್ಗುಲಿಗೆ ‘ಎಸ್’. ಮುಂಭಾಗವಾದರೆ ಜತೆಗೊಂದು ‘ಎಫ್’, ಹಿಂಭಾಗವಾದರೆ ‘ಎ’. ಡಗ್ಲಾಸ್ ಈ ನಾಲ್ಕು ಅಕ್ಷರ ತಿದ್ದಿ ಕಲಿತ. ಬರೆಯಬಲ್ಲ ಹುಡುಗ ಯಾರಾದರೂ ಸಿಕ್ಕರೆ ‘ನಾನೂ ನಿನ್ನಷ್ಟೇ ಚೆನ್ನಾಗಿ ಬರೀತೀನಿ’ ಅನ್ನುತ್ತಿದ್ದ. ‘ಎಲ್ಲಿ, ಬರಿ ನೋಡೋಣ’ ಅಂತ ಅವನು ಕೆಣಕಿದರೆ ಈ ನಾಲ್ಕನ್ನು ಬರೆದು, ‘ಈಗ ನೀನು ಬರಿ’ ಅನ್ನುವುದು. ಉಳಿದ ಅಕ್ಷರಗಳು ಹಾಗೆ ಒಂದೊಂದಾಗಿ ಕೈಗೆ ಬಂದವು.

ಈ ಭಾಗ ಓದಿದ ಮೇಲೆ ಮರದಂಗಡಿಯಿಂದ ತಂದ ತುಂಡು ಹಲಗೆ, ಸೀಮೆಸುಣ್ಣ ಹಂಚುತ್ತೇನೆ. ಒಬ್ಬರು ಡಗ್ಲಾಸ್, ಇನ್ನೊಬ್ಬರು ಬೀದಿಯ ಹುಡುಗ. ನಾಲ್ಕೇ ಅಕ್ಷರ ಗೊತ್ತಿದ್ದವರು ಪಂಥ ಕಟ್ಟಿ ಐದನೆಯದನ್ನು ಗಿಟ್ಟಿಸಬೇಕು. ಗಲಾಟೆಯೋ ಗಲಾಟೆ. ಒಬ್ಬಳು ಹುಡುಗಿ ‘ಇವನು ಮೋಸಗಾರ!’ ಅಂತ ಮೆಚ್ಚಿಕೊಂಡೇ ಕೂಗಿದಳು. ಸಂಕಟದ ಚಿತ್ರವಷ್ಟೇ ಆಗಿದ್ದವನು ಅವಳಿಗೆ ಆ ಹೊತ್ತು ಕಿಲಾಡಿ ಹುಡುಗನಾದ. ಪಟ್ಟಿಯಲ್ಲಿ ಬರೀ ಗುಲಾಮಗಿರಿ, ಚಾವಟಿ ಇರಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಗು, ಹಿಮ, ಅಜ್ಜಿಯ ಅಡುಗೆ, ತಲೆ ಬಾಚುವ ಜಗಳ, ಇವನ್ನೂ ಕಪ್ಪು ಲೇಖಕರು ಬೇಕಾದಷ್ಟು ಬರೆದಿದ್ದಾರೆ.

ಚಿತ್ರಪುಸ್ತಕ ಆರಿಸುವಾಗ ನನಗೆ ಗುರು ಚಾರ್ಲಮೇ ರಾಲಿನ್ಸ್ ಎಂಬ ಹಳೆಯ ಕಾಲದ ಗ್ರಂಥಪಾಲಕಿ. ನಮ್ಮ ಗ್ರಂಥಾಲಯದಿಂದ ಬಸ್ಸಿನಲ್ಲಿ ಹೋದರೆ ಬ್ರಾಂಜ್‌ವಿಲ್ ಎಂಬ ಕಪ್ಪು ಜನರ ಹಳೆಯ ಕೇರಿ ಸಿಗುತ್ತದೆ. ಇತಿಹಾಸಕಾರ ಕಾರ್ಟರ್ ವುಡ್ಸನ್ 1915ರಲ್ಲಿ ಕಪ್ಪು ಇತಿಹಾಸದ ಅಧ್ಯಯನಕ್ಕೆ ಸಂಘ ಕಟ್ಟಿದ್ದು ಅಲ್ಲಿನ ವೈಎಂಸಿಎ ಕಟ್ಟಡದಲ್ಲಿ. ಈ ಫೆಬ್ರವರಿ ಆಚರಣೆಯ ಬೀಜವಾದ ವಾರವನ್ನು 1926ರಲ್ಲಿ ಶುರುಮಾಡಿದ್ದೂ ಅವರೇ. ಅದೇ ಬ್ರಾಂಜ್‌ವಿಲ್‌ನಲ್ಲಿ 1932ರಲ್ಲಿ ಜಾರ್ಜ್ ಕ್ಲೀವ್‌ಲ್ಯಾಂಡ್ ಹಾಲ್ ಶಾಖಾ ಗ್ರಂಥಾಲಯ ತೆರೆಯಿತು. ವಿವಿಯನ್ ಹಾರ್ಷ್ ಅದರ ಮುಖ್ಯಸ್ಥೆ, ರಾಲಿನ್ಸ್ ಮಕ್ಕಳ ವಿಭಾಗದವರು. ಹಾರ್ಷ್ ಕಪ್ಪು ಜನರ ಪುಸ್ತಕ, ಪತ್ರಗಳನ್ನು ಒಂದೊಂದಾಗಿ ಕೂಡಿಹಾಕಿದರು. ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್ಟನ್‌ರಂಥ ಕಪ್ಪು ಲೇಖಕರನ್ನು ಕರೆಸಿ ಓದುಗರ ಮುಂದೆ ಕೂರಿಸಿದರು. ರಾಲಿನ್ಸ್ 1941ರಲ್ಲಿ ‘ವಿ ಬಿಲ್ಡ್ ಟುಗೆದರ್’ ಎಂಬ ಪುಸ್ತಕಪಟ್ಟಿ ತಂದರು: ಕಪ್ಪು ಜನರ ಬದುಕಿನ ಬಗ್ಗೆ ಮಕ್ಕಳಿಗೆ ಯಾವ ಪುಸ್ತಕ ಕೊಡಬಹುದು, ಯಾಕೆ ಅಂತ. ಚಿತ್ರದಲ್ಲಿ ಮುಖ ವಿಕಾರವಾಗಿದೆಯೇ, ಅವರ ಮಾತನ್ನು ಗೇಲಿಗೆ ತಿರುಚಿದ್ದಾರೆಯೇ, ಕಥೆ ಅವರನ್ನು ಬರೀ ಆಳಾಗಿ, ಕೋಡಂಗಿಯಾಗಿ ಕಾಣುತ್ತದೆಯೇ. ನಾನು ಈಗಲೂ ನೋಡುವುದು ಇವನ್ನೇ. ಲೇಖಕರ ಜಯಂತಿಯಲ್ಲಿ ಗ್ರಂಥಪಾಲಕರ ಹೆಸರು ಯಾಕೆ ಬರುವುದಿಲ್ಲವೋ! ನಮ್ಮ ಮೇಜಿನ ಮೇಲೆ ಈಗ ಈ ಇಬ್ಬರ ಫೋಟೋನೂ ಇದೆ.

ದೊಡ್ಡವರ ಸರದಿಯಲ್ಲಿ ಗ್ವೆಂಡೊಲಿನ್ ಬ್ರೂಕ್ಸ್ ಇಲ್ಲದೆ ನಡೆಯದು. ಬ್ರಾಂಜ್‌ವಿಲ್ಲನ್ನು ಕವಿತೆಗೆ ತಂದವರು, 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ. ಆ ಸುದ್ದಿ ಬಂದಾಗ ಬಿಲ್ಲು ಕಟ್ಟದೆ ಮನೆಯ ಕರೆಂಟು ಹೋಗಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. 1968ರಲ್ಲಿ ಇಲಿನಾಯ್ ರಾಜ್ಯಕವಿಯಾದ ಮೇಲೆ ಶಾಲಾ ಮಕ್ಕಳಿಗೆ ಕವಿತೆಯ ಸ್ಪರ್ಧೆ ಇಟ್ಟು ಬಹುಮಾನದ ದುಡ್ಡನ್ನು ಸ್ವಂತ ಜೇಬಿನಿಂದ ಕೊಟ್ಟರು. ದೊಡ್ಡ ಪ್ರಕಾಶಕರನ್ನು ಬಿಟ್ಟು ಕಪ್ಪು ಜನರೇ ನಡೆಸುವ ಪುಟ್ಟ ಪ್ರಕಾಶನಗಳಿಗೆ ಪುಸ್ತಕ ಕೊಟ್ಟರು.

ಅವರ ‘ವಿ ರಿಯಲ್ ಕೂಲ್’ ಎಂಟೇ ಸಾಲು. ಶಾಲೆ ಬಿಟ್ಟು ಪೂಲ್ (ಬಿಲಿಯರ್ಡ್ಸ್ ಥರದ ಆಟ) ಆಡುತ್ತಿರುವ ಏಳು ಹುಡುಗರ ಮಾತು. ‘ನಾವು’ ಅನ್ನುವ ‘ವಿ’ ಸಾಲಿನ ಕೊನೆಗೆ ಬಂದು ನಿಲ್ಲುತ್ತದೆ. ಹೈಸ್ಕೂಲಿನ ಹುಡುಗನೊಬ್ಬ ಅದನ್ನು ರ‍್ಯಾಪ್ ಥರ ಎದೆಯುಬ್ಬಿಸಿ ಓದಿದ. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಟೀಚರೊಬ್ಬರು, ಬ್ರೂಕ್ಸ್ ತಮ್ಮ ಶಾಲೆಗೆ ಬಂದಾಗ ಕೇಳಿದವರು, ಕೈ ಎತ್ತಿದರು. ‘ಬೇಬಿ, ಆ ‘ವಿ’ಯನ್ನು ಕೂಗಬೇಡ, ಮೆಲ್ಲಗೆ ಹೇಳು. ಆ ಹುಡುಗರಿಗೆ ತಾವು ಯಾರೂಂತ ಗಟ್ಟಿಯಿಲ್ಲ.’ ಅವನು ‘ಯೆಸ್ ಮ್ಯಾಮ್’ ಅಂದು ಮತ್ತೆ ಓದಿದ. ಪ್ರತಿ ಸಾಲಿನ ತುದಿಯಲ್ಲೂ ಧ್ವನಿ ಇಳಿಯಿತು. ಕೊನೆಯ ಸಾಲಿನಲ್ಲಿ ಸಾವು ಬರುವ ಹೊತ್ತಿಗೆ ‘ವಿ’ ಇರಲೇ ಇಲ್ಲ. ಬ್ರೂಕ್ಸ್ ಕೂಡ ಆ ‘ವಿ’ಯನ್ನು ಮೆಲ್ಲಗೆ ಹೇಳಬೇಕು ಅನ್ನುತ್ತಿದ್ದರು.

ಅಂದಿನಿಂದ ನಾನು ಓದುವುದು ಕಡಿಮೆ ಮಾಡಿದ್ದೇನೆ. ಕುರ್ಚಿ ಹಾಕುವುದು, ಪುಸ್ತಕ ತರಿಸುವುದು, ಮೈಕು ಸರಿಮಾಡುವುದು ನನ್ನ ಪಾಲು, ಓದುವುದು ಕೇರಿಯವರದು.

‘ನಮಗೂ ಇದಕ್ಕೂ ಏನ್ರೀ ಸಂಬಂಧ?’ ಅಂತ ಕನ್ನಡ ಕೂಟದಲ್ಲಿ ಕೇಳಿದವರಿದ್ದಾರೆ. ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಬರೆದ ಪತ್ರದ ಪ್ರತಿ ನನ್ನ ಫೋನಿನಲ್ಲಿದೆ. ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು, ಅಸ್ಪೃಶ್ಯರೂ ಅದೇ ದಾರಿ ಯೋಚಿಸುತ್ತಿದ್ದಾರೆ ಅಂತ ಕೇಳಿದ ಪತ್ರ. ಅದನ್ನು ತೋರಿಸುತ್ತೇನೆ. ಕೆಲವರು ಓದಿ ಸುಮ್ಮನಾಗುತ್ತಾರೆ, ಒಂದಿಬ್ಬರು ಮಕ್ಕಳನ್ನು ಕರೆದುಕೊಂಡು ಬಂದಿದ್ದೂ ಇದೆ.

ನೀವೂ ಮಾಡುವುದಾದರೆ ಒಂದು ಮಾತು: ಅಂದು ಓದಿದ ಪುಸ್ತಕದ ಪ್ರತಿಗಳು ಅಲ್ಲೇ ಇರಬೇಕು, ಕೇಳಿದವರು ಆಗಲೇ ಕಾರ್ಡಿಗೆ ಹಾಕಿಸಿಕೊಂಡು ಮನೆಗೆ ಒಯ್ಯುವಂತಿರಬೇಕು. ‘ಮುಂದಿನ ವಾರ ತರಿಸಿಕೊಡುತ್ತೇವೆ’ ಅಂದರೆ ಮುಗಿಯಿತು. ಜನವರಿಯಲ್ಲೇ ಬೇರೆ ಶಾಖೆಗಳಿಂದ ಕಾದಿರಿಸಿ ತರಿಸಿ. ಮಾರ್ಚ್‌ನಲ್ಲಿ ಅವನ್ನು ಬೇರೆ ಕಪಾಟಿಗೆ ಎತ್ತಿಡಬೇಡಿ, ಉಳಿದ ಕವಿತೆ, ಕಥೆಗಳ ನಡುವೆಯೇ ಜೋಡಿಸಿ.