ಗೋಡೌನಿಗೆ ಟ್ಯೂಬ್‌ಲೈಟಾ, ಮೆಟಲ್ ಹ್ಯಾಲೈಡಾ?

ದಾವಣಗೆರೆಯಲ್ಲಿ ಮೆಕ್ಕೆಜೋಳದ ಗೋಡೌನ್ ಇಟ್ಟುಕೊಂಡವರಿಗೆ ಒಂದು ಮಾತು. ಸೂರು 20 ಅಡಿ ದಾಟಿದ್ದರೆ ಮೆಟಲ್ ಹ್ಯಾಲೈಡ್ (ಜೋರು ಬಿಳಿ ಬೆಳಕಿನ ದೊಡ್ಡ ದೀಪ) ಸರಿ, ಒಂದೇ ದೀಪ ದೂರದವರೆಗೂ ಬೆಳಕು ಕೊಡುತ್ತದೆ. ಆದರೆ ಕರೆಂಟ್ ಹೋಗಿ ಬಂದರೆ ತಕ್ಷಣ ಹತ್ತುವುದಿಲ್ಲ. ಬಿಸಿ ಆರಬೇಕು, 10 ನಿಮಿಷವೂ ಆಗಬಹುದು. ಹೋದ ಮಳೆಗಾಲದಲ್ಲಿ ನಮ್ಮ ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತೇ ಕತ್ತಲಲ್ಲಿ ನಿಂತುಬಿಟ್ಟರು. ನೋಡಿ ಸಂಕಟವಾಯಿತು. ಮಾರನೇ ದಿನವೇ ಬಾಗಿಲ ಹತ್ತಿರ ಒಂದು, ತಕ್ಕಡಿ ಮೇಲೆ ಒಂದು 36 ವ್ಯಾಟಿನ ಟ್ಯೂಬ್‌ಲೈಟ್ ಹಾಕಿಸಿದೆ. ಕರೆಂಟ್ ಬಂದ ಕೂಡಲೇ ಹತ್ತುತ್ತವೆ.

ಕಾಳು ನೋಡುವ ಜಾಗಕ್ಕೆ ಸೋಡಿಯಂ ದೀಪ ಮಾತ್ರ ಬೇಡ. ಆ ಹಳದಿ ಬೆಳಕಲ್ಲಿ ಬೂಷ್ಟು ಹಿಡಿದ ಕಾಳು ಗೊತ್ತೇ ಆಗುವುದಿಲ್ಲ.

ಮೆಟಲ್ ಹ್ಯಾಲೈಡಿನ ಹೊರಗಾಜು ಒಡೆದಿದ್ದರೆ ಉರಿಸಲೇಬೇಡಿ. ನೇರಳಾತೀತ ಕಿರಣ ಹೊರಬಂದು ಕಣ್ಣಿಗೆ, ಚರ್ಮಕ್ಕೆ ಪೆಟ್ಟಾಗುತ್ತದೆ. ಎಲ್‌ಇಡಿ ಅಲ್ಲದ ಟ್ಯೂಬ್‌ಲೈಟಲ್ಲೂ ಪಾದರಸ ಇರುತ್ತದೆ, ಒಡೆದರೆ ಚೂರುಗಳನ್ನು ಬರಿಗೈಲಿ ಮುಟ್ಟಬೇಡಿ.