ಪಾದ ತಜ್ಞರ ಬಳಿಗೆ ಹಳೆಯ ಚಪ್ಪಲಿಯಲ್ಲೇ ಹೋಗಿ

ಮಧುಮೇಹಿಗಳ ಪಾದ ಚಿಕಿತ್ಸಾಲಯವೊಂದರಲ್ಲಿ ನಾನು ಹಲವು ವರ್ಷ ಶುಶ್ರೂಷಕಿಯಾಗಿ ಕೆಲಸ ಮಾಡಿದ್ದೇನೆ. ಅಲ್ಲಿಗೆ ಮೊದಲ ಸಲ ಬರುತ್ತಿದ್ದವರಲ್ಲಿ ಅನೇಕರು ಹಿಂದಿನ ರಾತ್ರಿಯೇ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ, ಕಲ್ಲಿನಿಂದ ತಿಕ್ಕಿ, ಆಣಿಯನ್ನು ಬ್ಲೇಡಿನಿಂದ ಕೆತ್ತಿ, ಮದುವೆಗೆಂದು ತೆಗೆದಿಟ್ಟ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದರು. ವೈದ್ಯರ ಮುಂದೆ ಒಡೆದ ಹಿಮ್ಮಡಿ ಚಾಚುವುದು ಮರ್ಯಾದೆಯಲ್ಲ ಎಂಬ ಸಂಕೋಚ ಅದರ ಹಿಂದಿರುತ್ತದೆ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ತಜ್ಞರು ನೋಡಬೇಕಾದ ಗುರುತುಗಳೆಲ್ಲ ಆ ಒಂದು ರಾತ್ರಿಯಲ್ಲಿ ಅಳಿಸಿಹೋಗಿರುತ್ತವೆ, ಕೆಲವೊಮ್ಮೆ ಬ್ಲೇಡು ಮಾಡಿದ ಹೊಸ ಗಾಯವೊಂದು ಅವುಗಳ ಜಾಗದಲ್ಲಿರುತ್ತದೆ.

ಪೋಡಿಯಾಟ್ರಿಸ್ಟ್ ಎಂದರೆ ಪಾದ ಮತ್ತು ಕಣಕಾಲಿನ ತೊಂದರೆಗಳನ್ನು ನೋಡುವ ತಜ್ಞರು. ಬ್ರಿಟನ್, ಅಮೆರಿಕಗಳಲ್ಲಿ ಇದಕ್ಕೆ ಪ್ರತ್ಯೇಕ ಪದವಿ ಇದೆ. ನಮ್ಮಲ್ಲಿ ಹೆಚ್ಚಾಗಿ ಶಸ್ತ್ರಚಿಕಿತ್ಸಕರು ಅಥವಾ ಮಧುಮೇಹ ವೈದ್ಯರು ಪಾದದ ಬಗ್ಗೆ ವಿಶೇಷ ತರಬೇತಿ ಪಡೆದು ಈ ಕೆಲಸ ಮಾಡುತ್ತಾರೆ. ಬೆಂಗಳೂರಿನ ಸರ್ಕಾರಿ ಸಂಸ್ಥೆಯಾದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪೋಡಿಯಾಟ್ರಿ ವಿಭಾಗವಿದೆ. ಬೇರೆ ಊರುಗಳಲ್ಲಿ ದೊಡ್ಡ ಆಸ್ಪತ್ರೆಗಳ ಮಧುಮೇಹ ವಿಭಾಗದಲ್ಲಿಯೇ ‘ಡಯಾಬಿಟಿಕ್ ಫೂಟ್ ಕ್ಲಿನಿಕ್’ ಎಲ್ಲಿದೆ ಎಂದು ವಿಚಾರಿಸಬೇಕು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರುವಾಗ ಹಿಮ್ಮಡಿ ಚುಚ್ಚುವವರು, ಹೆಬ್ಬೆರಳಿನ ಉಗುರು ಮಾಂಸದೊಳಗೆ ಬೆಳೆದವರು, ಚಪ್ಪಟೆ ಪಾದದವರು ಕೂಡ ಅಲ್ಲಿಗೆ ಹೋಗಬಹುದು. ನಾನಿಲ್ಲಿ ಮುಖ್ಯವಾಗಿ ಮಧುಮೇಹವಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ, ಏಕೆಂದರೆ ತಡವಾದರೆ ಕಾಲನ್ನೇ ಕಳೆದುಕೊಳ್ಳುವವರು ಅವರು.

ಹೊರಡುವ ಮೊದಲು

ದಿನವೂ ಹಾಕುವ, ಸವೆದ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಮನೆಯೊಳಗೆ ಬೇರೆ ಚಪ್ಪಲಿ ಬಳಸುತ್ತಿದ್ದರೆ ಅದನ್ನೂ, ಕೆಲಸಕ್ಕೆ ಬೂಟು ಹಾಕುತ್ತಿದ್ದರೆ ಅದನ್ನೂ ಚೀಲದಲ್ಲಿ ಇಟ್ಟುಕೊಳ್ಳಿ. ಅಟ್ಟೆ ಯಾವ ಬದಿಗೆ ಸವೆದಿದೆ, ಯಾವ ಬೆರಳಿನ ಬುಡದಲ್ಲಿ ಕುಳಿ ಬಿದ್ದಿದೆ, ಉಂಗುಷ್ಠ ಎಲ್ಲಿ ಉಜ್ಜುತ್ತಿದೆ ಎಂಬುದನ್ನು ನೋಡಿದರೆ ನಿಮ್ಮ ಭಾರ ಪಾದದ ಯಾವ ಭಾಗದ ಮೇಲೆ ಬೀಳುತ್ತಿದೆ ಎಂದು ಅನುಭವಿಗಳು ಹೇಳಬಲ್ಲರು. ಉಗುರಿನ ಬಣ್ಣವನ್ನು ತೆಗೆದಿರಬೇಕು, ಗೋರಂಟಿ ಹಚ್ಚಿರಬಾರದು; ಉಗುರು ಮತ್ತು ಚರ್ಮದ ಸಹಜ ಬಣ್ಣ ಕಾಣಬೇಕಾಗುತ್ತದೆ. ಗಾಯವಿದ್ದರೆ ಅದರ ಮೇಲೆ ಅರಿಶಿನ, ಕಾಫಿ ಪುಡಿ, ಸುಣ್ಣ, ಟೂತ್‌ಪೇಸ್ಟ್ ಏನನ್ನೂ ಮೆತ್ತದೆ, ಶುದ್ಧವಾದ ಒಣ ಬಟ್ಟೆ ಅಥವಾ ಗಾಜ್ ಸುತ್ತಿಕೊಂಡು ಹೋಗಿ. ಕಾಫಿ ಪುಡಿಯನ್ನು ತೊಳೆದು ತೆಗೆಯುವುದಕ್ಕೇ ಅರ್ಧ ಗಂಟೆ ಹಿಡಿದ ದಿನಗಳಿವೆ, ಆಮೇಲೆ ನೋಡಿದರೆ ಕೆಳಗೆ ಕೀವು ತುಂಬಿರುತ್ತಿತ್ತು.

ಇತ್ತೀಚಿನ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ) ವರದಿ, ಹಳೆಯ ಎಕ್ಸ್‌ರೇ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಕೇಳುವ ಮೊದಲೇ ಹೇಳಬೇಕು, ಏಕೆಂದರೆ ಅದೇ ದಿನ ಚರ್ಮ ಕೆತ್ತುವ ಕೆಲಸವಿರಬಹುದು. ಈ ಪಾದ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಎಂದಿನಂತೆ ತಿಂಡಿ ತಿಂದು, ಎಂದಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹೊರಡಿ.

ಪ್ರಶ್ನೆಗಳು ಮತ್ತು ನೋಟ

ತಜ್ಞರು ಮೊದಲು ಕೇಳುವುದು ಎಷ್ಟು ವರ್ಷಗಳಿಂದ ಮಧುಮೇಹವಿದೆ, ಹಿಂದೆ ಎಂದಾದರೂ ಪಾದದಲ್ಲಿ ಹುಣ್ಣಾಗಿತ್ತೇ, ಬೀಡಿ ಸಿಗರೇಟು ಸೇದುತ್ತೀರಾ, ನಡೆಯುವಾಗ ಮೀನಖಂಡ ಹಿಡಿದುಕೊಂಡು ನಿಲ್ಲಬೇಕಾಗುತ್ತದೆಯೇ ಎಂಬುದನ್ನು. ಹುಣ್ಣು ಮಾಗಿ ಹತ್ತು ವರ್ಷವಾಗಿದ್ದರೂ ಹೇಳಬೇಕು. ಒಮ್ಮೆ ಹುಣ್ಣಾದ ಪಾದದಲ್ಲಿ ಮತ್ತೆ ಹುಣ್ಣಾಗುವ ಸಂಭವ ಹೆಚ್ಚು. ಆಮೇಲೆ ಎರಡೂ ಪಾದಗಳನ್ನು, ಬೆರಳ ಸಂದುಗಳನ್ನು ಬಿಡಿಸಿ, ಹಿಮ್ಮಡಿಯ ಬಿರುಕುಗಳನ್ನು ಬೆಳಕು ಹಿಡಿದು ನೋಡುತ್ತಾರೆ. ನೋವಿರುವುದು ಒಂದೇ ಕಾಲಿನಲ್ಲಾದರೂ ಎರಡನ್ನೂ ತೋರಿಸಬೇಕು. ಎರಡು ಪಾದಗಳ ಒಂದೇ ಜಾಗದ ಉಷ್ಣತೆಯನ್ನು ಹೋಲಿಸಿದಾಗ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸ ಕಂಡರೆ, ಬಿಸಿಯಾಗಿರುವ ಕಡೆ ಒಳಗೆ ಏನೋ ನಡೆಯುತ್ತಿದೆ ಎಂದು ಶಂಕಿಸುತ್ತಾರೆ. ಗಾಯವೇ ಇಲ್ಲದೆ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡಿದ್ದರೆ ಅದು ಮೂಳೆಗಳು ಕುಸಿಯತೊಡಗಿರುವ ಶಾರ್ಕೋ ಪಾದವಾಗಿರಬಹುದು. ಅದನ್ನು ಉಳುಕೆಂದು ತಿಳಿದು ತಿಕ್ಕಿಸಿಕೊಂಡು ಬಂದವರನ್ನು ನೋಡಿ ನಾನು ಬಹಳ ಸಂಕಟಪಟ್ಟಿದ್ದೇನೆ.

ಸ್ಪರ್ಶ ಪರೀಕ್ಷೆ: ಎಲ್ಲರೂ ಎಡವುವ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ತಜ್ಞರ ಕೈಯಲ್ಲಿ ಪೆನ್ನಿನಂಥ ಹಿಡಿಕೆ, ಅದರ ತುದಿಯಲ್ಲಿ ನೈಲಾನಿನ ಒಂದು ಎಳೆ ಇರುತ್ತದೆ. ಅದರ ಹೆಸರು ಮೊನೊಫಿಲಮೆಂಟ್. ಚರ್ಮಕ್ಕೆ ನೇರವಾಗಿ ಒತ್ತಿದಾಗ ಅದು 10 ಗ್ರಾಂ ಭಾರಕ್ಕೆ ಬಾಗುವಂತೆ ತಯಾರಾಗಿರುತ್ತದೆ. ಎಷ್ಟೇ ಗಟ್ಟಿಯಾಗಿ ಒತ್ತಿದರೂ ಎಳೆ ಇನ್ನಷ್ಟು ಬಾಗುತ್ತದೆಯೇ ಹೊರತು ಚುಚ್ಚುವುದಿಲ್ಲ, ಆದ್ದರಿಂದ ಹೆದರಬೇಕಾಗಿಲ್ಲ. ಮೊದಲು ಅದನ್ನು ನಿಮ್ಮ ಕೈಗೋ ಹಣೆಗೋ ಮುಟ್ಟಿಸಿ, ಅದು ಹೇಗೆ ತಿಳಿಯುತ್ತದೆ ಎಂದು ತೋರಿಸುತ್ತಾರೆ. ಬಳಿಕ ಕಣ್ಣು ಮುಚ್ಚಲು ಹೇಳಿ, ಹೆಬ್ಬೆರಳಿನ ಕೆಳಭಾಗ, ಹೆಬ್ಬೆರಳಿನ ಬುಡದ ಉಬ್ಬು, ಕಿರುಬೆರಳಿನ ಬುಡದ ಉಬ್ಬು ಇಂಥ ಕಡೆಗಳಲ್ಲಿ ಒಂದೆರಡು ಸೆಕೆಂಡು ಒತ್ತಿ, ಮುಟ್ಟಿದ್ದು ತಿಳಿಯಿತೇ, ಯಾವ ಕಾಲಿನಲ್ಲಿ, ಎಲ್ಲಿ ಎಂದು ಕೇಳುತ್ತಾರೆ. ಒಂದೊಂದು ಜಾಗಕ್ಕೂ ಮೂರು ಸಲ ಕೇಳುವುದು ಕ್ರಮ, ಮತ್ತು ಆ ಮೂರರಲ್ಲಿ ಒಂದು ಸಲ ಮುಟ್ಟದೆಯೇ ಕೇಳುತ್ತಾರೆ. ಮೂರರಲ್ಲಿ ಎರಡು ಉತ್ತರ ಸರಿಯಾದರೆ ಆ ಜಾಗದಲ್ಲಿ ಕಾಪಾಡುವಷ್ಟು ಸ್ಪರ್ಶ ಉಳಿದಿದೆ ಎಂದು ಲೆಕ್ಕ.

ಕಷ್ಟ ಬರುವುದು ಜನ ಇದನ್ನು ಶಾಲೆಯ ಪರೀಕ್ಷೆ ಎಂದು ಭಾವಿಸುವುದರಿಂದ. ಎಪ್ಪತ್ತರ ಆಸುಪಾಸಿನ ರೈತರೊಬ್ಬರನ್ನು ಅವರ ಸೊಸೆ ಕರೆತಂದಿದ್ದರು. ವೈದ್ಯರು ಕೇಳಿದಾಗಲೆಲ್ಲ ಅಜ್ಜ “ಹೂಂ, ಮುಟ್ಟಿತು” ಎನ್ನುತ್ತಿದ್ದರು. ಅವರು ಅರೆಕ್ಷಣ ತಡವರಿಸಿದರೆ ಪಕ್ಕದಲ್ಲಿ ನಿಂತ ಸೊಸೆ, “ಈಗ ಮುಟ್ಟಿದರಲ್ಲ ಮಾವ, ಹೇಳಿ” ಎಂದು ನೆನಪಿಸುತ್ತಿದ್ದರು. ವೈದ್ಯರು ಕೈಯನ್ನು ಪೂರ್ತಿ ಹಿಂದಕ್ಕೆ ತೆಗೆದು ಕೇಳಿದರು. ಆಗಲೂ “ಹೂಂ” ಎಂಬ ಉತ್ತರವೇ ಬಂತು. ಸೊಸೆಯನ್ನು ಹೊರಗೆ ಕೂರಿಸಿ, ನಾನು ಅಜ್ಜನ ಬಳಿ ಕುಳಿತು, ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುವುದೇ ಸರಿಯಾದ ಉತ್ತರ ಎಂದು ಎರಡು ಸಲ ವಿವರಿಸಿದ ಮೇಲೆ ಅವರು ಮೆಲ್ಲಗೆ, “ಎರಡು ವರ್ಷದಿಂದ ಹತ್ತಿಯ ಮೇಲೆ ನಡೆದ ಹಾಗಿದೆ ತಾಯಿ, ಏನೂ ಗೊತ್ತಾಗುವುದಿಲ್ಲ” ಎಂದರು. ಅವರ ಬಲಗಾಲಿನ ಹಿಮ್ಮಡಿಯಲ್ಲಿ ಸುಟ್ಟ ಗಾಯವಿತ್ತು. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕುಳಿತು, ಎಂಜಿನ್ ಮೇಲಿನ ಬಿಸಿ ಮುಚ್ಚಳಕ್ಕೆ ಕಾಲು ತಗುಲಿಸಿಕೊಂಡು ಎರಡು ಗಂಟೆ ಪ್ರಯಾಣ ಮಾಡಿದ್ದರು. ಚರ್ಮ ಬೆಂದದ್ದು ತಿಳಿದಿರಲಿಲ್ಲ.

ಆದ್ದರಿಂದ ಕಣ್ಣು ಮುಚ್ಚಿ ಎಂದರೆ ಪೂರ್ತಿ ಮುಚ್ಚಿ, ಸಂದಿಯಿಂದ ನೋಡಬೇಡಿ. ಕೇಳಿದರೆಂಬ ಕಾರಣಕ್ಕೆ ಮುಟ್ಟಿರಬೇಕು ಎಂದು ಊಹಿಸಬೇಡಿ. ಜೊತೆಗೆ ಬಂದವರು ಈ ಹತ್ತು ನಿಮಿಷ ಮಾತನಾಡಬಾರದು, ಕಾಲು ಕಾಣುವ ಕಡೆ ನಿಲ್ಲದಿದ್ದರೆ ಇನ್ನೂ ಒಳ್ಳೆಯದು. ಆಣಿ ಅಥವಾ ಜಡ್ಡುಗಟ್ಟಿದ ಚರ್ಮದ ಮೇಲೆ ಎಳೆಯನ್ನು ಒತ್ತಿದರೆ ಉತ್ತರ ಸರಿಯಾಗಿ ಬರುವುದಿಲ್ಲ. ಹಾಗೆ ಮಾಡುತ್ತಿದ್ದರೆ ಪಕ್ಕದ ಮೆದುವಾದ ಜಾಗದಲ್ಲಿ ನೋಡುವಂತೆ ಕೇಳಲು ಹಿಂಜರಿಯಬೇಡಿ. ಶಿಬಿರಗಳಲ್ಲಿ ಒಂದೇ ಎಳೆಯಿಂದ ಸಾಲಾಗಿ ಹಲವಾರು ಜನರನ್ನು ಪರೀಕ್ಷಿಸುವುದನ್ನು ನೋಡಿದ್ದೇನೆ. ಎಳೆ ದಣಿದು ಬೇಗ ಬಾಗತೊಡಗುತ್ತದೆ, ಹತ್ತು ಜನರಾದ ಮೇಲೆ ಅದಕ್ಕೆ ಒಂದು ದಿನದ ವಿಶ್ರಾಂತಿ ಬೇಕು ಎಂಬುದು ರೂಢಿ. ಶಿಬಿರದ ಫಲಿತಾಂಶವನ್ನೇ ಕೊನೆಯ ಮಾತೆಂದು ನಂಬದೆ ಮತ್ತೊಮ್ಮೆ ಕ್ಲಿನಿಕ್ಕಿನಲ್ಲಿ ನೋಡಿಸಿಕೊಳ್ಳಿ.

ಇದರ ಜೊತೆಗೆ 128 ಹರ್ಟ್ಸ್‌ನ ಶ್ರುತಿಕವೆಯನ್ನು (ತಟ್ಟಿದರೆ ಕಂಪಿಸುವ ಲೋಹದ ಕವೆ, ಟ್ಯೂನಿಂಗ್ ಫೋರ್ಕ್) ಹೆಬ್ಬೆರಳಿನ ಮೂಳೆಯ ಮೇಲಿಟ್ಟು ಕಂಪನ ತಿಳಿಯುತ್ತದೆಯೇ ಎಂದು ಕೇಳಬಹುದು. ಬಯೋಥೀಸಿಯೋಮೀಟರ್ ಎಂಬ ಯಂತ್ರವಿದ್ದರೆ ಕಂಪನವನ್ನು ನಿಧಾನವಾಗಿ ಏರಿಸುತ್ತ ಹೋಗುತ್ತಾರೆ. ಮೊದಲ ಸಲ ತಿಳಿದ ತಕ್ಷಣ ಹೇಳಬೇಕು, ಜೋರಾಗಲಿ ಎಂದು ಕಾಯಬಾರದು. ಯಂತ್ರ ತೋರಿಸುವ ಕಂಪನದ ಅಂಕಿ 25 ವೋಲ್ಟ್ ದಾಟಿದರೂ ತಿಳಿಯದ ಪಾದಕ್ಕೆ ಹುಣ್ಣಿನ ಅಪಾಯ ಹೆಚ್ಚು.

ರಕ್ತದ ಹರಿವು

ತೋಳು ಮತ್ತು ಕಣಕಾಲಿಗೆ ಬಿ.ಪಿ. ಪಟ್ಟಿ ಕಟ್ಟಿ, ಡಾಪ್ಲರ್ ಎಂಬ ಸಣ್ಣ ಯಂತ್ರದಿಂದ ರಕ್ತ ಹರಿಯುವ ಶಬ್ದ ಕೇಳುತ್ತ ಎರಡರ ಒತ್ತಡವನ್ನು ಹೋಲಿಸುತ್ತಾರೆ. ಮಲಗಿದ್ದರೆ ಸಾಕು, ನೋವಿಲ್ಲ. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ ಬರುವ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. 1.3ಕ್ಕಿಂತ ಹೆಚ್ಚು ಬಂದರೆ ಸಂತೋಷಪಡಬಾರದು. ಮಧುಮೇಹಿಗಳಲ್ಲಿ ರಕ್ತನಾಳದ ಗೋಡೆ ಗಟ್ಟಿಯಾಗಿ ಹೀಗೆ ಸುಳ್ಳು ಅಂಕಿ ಬರುವುದುಂಟು, ಆಗ ಕಾಲ್ಬೆರಳಿನ ಒತ್ತಡವನ್ನು ಅಳೆಯಬೇಕಾಗುತ್ತದೆ.

ಅಂದೇ ನಡೆಯಬಹುದಾದ ಚಿಕಿತ್ಸೆ

ಜಡ್ಡು ಚರ್ಮವನ್ನು ಹರಿತವಾದ ಚಾಕುವಿನಿಂದ ಪದರ ಪದರವಾಗಿ ತೆಗೆಯುತ್ತಾರೆ. ಜಡ್ಡು ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ಒಳಗಿನ ಮಾಂಸವನ್ನು ಒತ್ತುತ್ತಿರುತ್ತದೆ, ಹಾಗಾಗಿ ಅದನ್ನು ತೆಗೆದಾಗ ಕೆಳಗೆ ಅಡಗಿದ್ದ ಹುಣ್ಣು ಕಾಣಿಸಿಕೊಳ್ಳುವುದುಂಟು. ವೈದ್ಯರೇ ಗಾಯ ಮಾಡಿದರು ಎಂದು ಜಗಳಕ್ಕೆ ನಿಂತವರಿದ್ದಾರೆ. ಹುಣ್ಣು ಮೊದಲೇ ಅಲ್ಲಿತ್ತು. ಆಣಿಗೆಂದು ಔಷಧ ಅಂಗಡಿಯಲ್ಲಿ ಸಿಗುವ ಕಾರ್ನ್ ಕ್ಯಾಪ್ ಪಟ್ಟಿಯನ್ನು ಮಧುಮೇಹಿಗಳು ಮುಟ್ಟಲೇಬಾರದು. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದವಿಲ್ಲ, ಸ್ಪರ್ಶವಿಲ್ಲದ ಪಾದಕ್ಕೆ ಅದು ಸುಡುತ್ತಿರುವುದೂ ತಿಳಿಯುವುದಿಲ್ಲ. ಉಗುರನ್ನು ನೇರವಾಗಿ, ಮೂಲೆ ಕೊರೆಯದೆ ಕತ್ತರಿಸಿ ತೋರಿಸುತ್ತಾರೆ, ನೋಡಿ ಕಲಿತುಕೊಳ್ಳಿ.

ಹುಣ್ಣಿದ್ದರೆ ಸತ್ತ ಮಾಂಸ ತೆಗೆದು, ಉಕ್ಕಿನ ಸಣ್ಣ ಕಡ್ಡಿಯಿಂದ ಆಳ ನೋಡುತ್ತಾರೆ. ಕಡ್ಡಿ ಮೂಳೆಗೆ ತಗುಲಿದರೆ ಮೂಳೆಗೆ ಸೋಂಕು ಹಬ್ಬಿರಬಹುದೆಂದು ಎಕ್ಸ್‌ರೇ ಬರೆಯುತ್ತಾರೆ. ಆಮೇಲೆ ಬರುವ ಸಲಹೆಯೇ ರೋಗಿಗಳಿಗೆ ಹೆಚ್ಚು ಬೇಸರ ತರುವಂಥದ್ದು: ಅಂಗಾಲಿನ ಹುಣ್ಣಿನ ಮೇಲೆ ಭಾರ ಬೀಳದಂತೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಬೇಕು ಎನ್ನುತ್ತಾರೆ. ಬಿಚ್ಚಿ ಹಾಕುವ ಬೂಟು ಕೊಡಿ ಎಂದು ಬಹಳ ಜನ ಬೇಡುತ್ತಾರೆ. ರಕ್ತದ ಹರಿವು ಚೆನ್ನಾಗಿದ್ದು, ಸೋಂಕು ಹೆಚ್ಚಿಲ್ಲದಿದ್ದರೆ ಬಿಚ್ಚಲಾಗದ ಪ್ಲಾಸ್ಟರನ್ನೇ ಒಪ್ಪಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ, ಏಕೆಂದರೆ ಬಿಚ್ಚಬಹುದಾದ ಬೂಟು ಮನೆಯ ಹೊಸ್ತಿಲು ದಾಟಿದ ಕೂಡಲೇ ಮೂಲೆ ಸೇರುತ್ತದೆ, ಅಡುಗೆಮನೆಗೂ ಬಚ್ಚಲಿಗೂ ಹುಣ್ಣಿನ ಮೇಲೆಯೇ ನಡೆದಾಟ ಸಾಗುತ್ತದೆ. ನೋವಿಲ್ಲವಲ್ಲ ಎಂಬುದೇ ಅದಕ್ಕೆ ಅವರು ಕೊಡುವ ಕಾರಣ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳಲ್ಲಿ ಕಂಡುಕೊಂಡದ್ದೂ ಇದನ್ನೇ: ನೋವು ತಿಳಿಯದ ಪಾದ ತನ್ನ ಗಾಯದ ಮೇಲೆ ತಾನೇ ನಡೆದು ಹಾಳಾಗುತ್ತದೆ. ಈ ಪ್ಲಾಸ್ಟರ್ ವಿಧಾನವೂ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್ ಎಂಬ ಮೆದು ರಬ್ಬರಿನ ಒಳ ಅಟ್ಟೆಯ) ಚಪ್ಪಲಿಯೂ ಕುಷ್ಠರೋಗ ಚಿಕಿತ್ಸೆಯ ಆ ಅನುಭವದಿಂದಲೇ ಮಧುಮೇಹಿಗಳ ಪಾದಕ್ಕೆ ಬಂದವು.

ಚಪ್ಪಲಿ ಮತ್ತು ಮುಂದಿನ ಭೇಟಿ

ಚಪ್ಪಲಿಯ ಅಳತೆಯನ್ನು ಸಂಜೆ, ಪಾದ ಸ್ವಲ್ಪ ಊದಿರುವಾಗ, ನಿಂತುಕೊಂಡೇ ಕೊಡಬೇಕು. ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಹೆಚ್ಚಿರಲಿ, ಹಿಮ್ಮಡಿಗೆ ಹಿಂಪಟ್ಟಿ ಇರಲಿ. ಹವಾಯಿ ಚಪ್ಪಲಿ ಸ್ಪರ್ಶವಿಲ್ಲದ ಪಾದದಿಂದ ಜಾರಿಹೋಗಿ ಬರಿಗಾಲಿನಲ್ಲಿ ನಡೆಯುತ್ತಿದ್ದರೂ ತಿಳಿಯುವುದಿಲ್ಲ, ಅದನ್ನು ಬಿಟ್ಟುಬಿಡಿ. ‘ಡಯಾಬಿಟಿಕ್’ ಎಂಬ ಚೀಟಿ ಅಂಟಿಸಿದ್ದೆಲ್ಲ ಎಂಸಿಆರ್ ಅಲ್ಲ. ಒಳ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಒಳಕ್ಕೆ ಹೋಗಿ ಮತ್ತೆ ಮೇಲೇಳಬೇಕು. ಧರ್ಮಸ್ಥಳಕ್ಕೋ ಶ್ರೀಶೈಲಕ್ಕೋ ಪಾದಯಾತ್ರೆಯ ಹರಕೆ ಇದ್ದರೆ ತಜ್ಞರಿಗೆ ಮುಚ್ಚಿಡದೆ ಹೇಳಿ. ದಾರಿಯಲ್ಲಿ ಹಾಕಿಕೊಳ್ಳಲು ಏನು ಬೇಕು, ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸನ್ನು ಯಾವ ಹೊತ್ತಿನಲ್ಲಿ ದಾಟಬೇಕು ಎಂಬುದನ್ನು ಅವರು ನಿಮ್ಮ ಪಾದ ನೋಡಿ ಹೇಳುತ್ತಾರೆ, ಕೆಲವರಿಗೆ ಬೇಡವೆಂದೇ ಹೇಳಬೇಕಾಗುತ್ತದೆ.

ಸ್ಪರ್ಶವೂ ರಕ್ತದ ಹರಿವೂ ಸರಿಯಿದ್ದವರು ವರ್ಷಕ್ಕೊಮ್ಮೆ ಬಂದರೆ ಸಾಕು. ಎರಡರಲ್ಲಿ ಒಂದು ಕುಂದಿದ್ದರೆ 6ರಿಂದ 12 ತಿಂಗಳಿಗೊಮ್ಮೆ, ಎರಡೂ ಕುಂದಿದ್ದರೆ ಅಥವಾ ಪಾದದ ಆಕಾರವೂ ಕೆಟ್ಟಿದ್ದರೆ 3ರಿಂದ 6 ತಿಂಗಳಿಗೊಮ್ಮೆ, ಇವುಗಳ ಜೊತೆಗೆ ಹಿಂದೆ ಹುಣ್ಣಾಗಿದ್ದರೆ 1ರಿಂದ 3 ತಿಂಗಳಿಗೊಮ್ಮೆ ಹೋಗಬೇಕು. ಹೊಸ ಚಪ್ಪಲಿಯನ್ನು ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿ, ಬಿಚ್ಚಿದ ಕೂಡಲೇ ಪಾದದಲ್ಲಿ ಎಲ್ಲಾದರೂ ಕೆಂಪಾಗಿದೆಯೇ ಎಂದು ಮನೆಯವರಿಂದ ನೋಡಿಸಿ. ಕೆಂಪಾದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಕೊಂಡು ಚಪ್ಪಲಿಯ ಸಮೇತ ಮರುದಿನವೇ ಕ್ಲಿನಿಕ್ಕಿಗೆ ಹೋಗಿ ಸರಿಪಡಿಸಿಕೊಳ್ಳಿ.