ತಣ್ಣೀರುಬಾವಿಯಿಂದ ಕೋಡಿಬೆಂಗ್ರೆಗೆ: ಕಡಲ ಬದಿಯ ಒಂಟಿ ನಡಿಗೆ

ಮಂಗಳೂರಿನ ತಣ್ಣೀರುಬಾವಿಯಿಂದ ಉಡುಪಿಯ ಕೋಡಿಬೆಂಗ್ರೆಯವರೆಗೆ ಕಡಲ ಬದಿಯಲ್ಲೇ ನಡೆದುಹೋಗಲು ಯಾರೂ ಮಾಡಿಟ್ಟ ದಾರಿ ಇಲ್ಲ. ಒಂದಷ್ಟು ಮರಳು, ಒಂದಷ್ಟು ತಡೆಗೋಡೆಯ ಹಿಂದಿನ ಮೀನುಗಾರಿಕಾ ರಸ್ತೆ, ತೆಂಗಿನ ತೋಟದ ಓಣಿ, ಅನಿವಾರ್ಯವಾದಲ್ಲಿ ಹೆದ್ದಾರಿ, ಇವನ್ನೆಲ್ಲ ನಾವೇ ಜೋಡಿಸಿಕೊಳ್ಳಬೇಕು. ಸುತ್ತುಬಳಸು ಸೇರಿ 75 ಕಿ.ಮೀ. ಆಸುಪಾಸು ಆಗುತ್ತದೆ, ನಾಲ್ಕು ದಿನದ ಕೆಲಸ. ಗಟ್ಟಿ ಮರಳಿನಲ್ಲಿ ಗಂಟೆಗೆ 4 ಕಿ.ಮೀ., ಸಡಿಲ ಮರಳಿನಲ್ಲಿ ಎರಡೂವರೆ ಎಂದು ಲೆಕ್ಕ ಹಾಕಿಯೇ ನಾನು ಹೊರಡುವುದು. ಕಾಲಿನ ಬಲ ಎರಡನೆಯ ಮಾತು. ಕಡಲಿನ ಇಳಿತ ಎಷ್ಟು ಹೊತ್ತಿಗೆ, ಹೊಳೆ ಕಡಲು ಸೇರುವ ಅಳಿವೆಯನ್ನು ಎಲ್ಲಿಂದ ಸುತ್ತುವುದು ಎಂಬ ಎರಡು ಗೊತ್ತಿದ್ದರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ.

ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಬಿಟ್ಟರೆ ಬೇರೆ ಯಾವುದನ್ನೂ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಅಲೆ ತಡೆಗೋಡೆಗೇ ಬಡಿಯುತ್ತದೆ, ನಡೆಯಲು ಮರಳೇ ಉಳಿಯುವುದಿಲ್ಲ. ಏಪ್ರಿಲ್-ಮೇಯಲ್ಲಿ ಸೆಕೆ ಒಂದು ಕಡೆ, ಕಳ್ಳ ಅಲೆ ಇನ್ನೊಂದು ಕಡೆ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ದಡ ಹತ್ತಿಬಿಡುತ್ತದೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್ಕಾಯಿಸ್ (INCOIS) ಸಂಸ್ಥೆ ಹೊರಡಿಸುವ ಎತ್ತರದ ಅಲೆಯ ಎಚ್ಚರಿಕೆಯನ್ನು ಹೊರಡುವ ಹಿಂದಿನ ರಾತ್ರಿ ನೋಡಿ.

ದಕ್ಷಿಣದಿಂದ ಉತ್ತರಕ್ಕೆ ನಡೆಯುವುದಕ್ಕೂ ಕಾರಣ ಉಂಟು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಬೆನ್ನಿಗೆ ಬೀಳುತ್ತದೆ, ಮುಖಕ್ಕಲ್ಲ. ಬೆಳಿಗ್ಗೆ ಪೂರ್ವದ ತೆಂಗು, ಗಾಳಿಮರಗಳ ನೆರಳು ಮರಳಿನ ಮೇಲೇ ಚಾಚಿರುತ್ತದೆ, ಎಂಟು ಗಂಟೆಯ ತನಕವೂ ತಂಪಾಗಿ ನಡೆಯಬಹುದು. ಹನ್ನೊಂದರ ಮೇಲೆ ಕಡಲಗಾಳಿ ಎದ್ದು ವಾಯವ್ಯದಿಂದ ಎದುರಿಗೇ ಬಡಿಯುತ್ತದೆ. ಅಷ್ಟರೊಳಗೆ ದಿನದ ಮುಕ್ಕಾಲು ಭಾಗ ಮುಗಿದಿರಬೇಕು.

ಇಳಿತದ ಲೆಕ್ಕ ಹೀಗೆ. ನವಮಂಗಳೂರು ಬಂದರಿನ ಉಬ್ಬರ-ಇಳಿತದ ಪಟ್ಟಿ ಸಿಗುತ್ತದೆ, ಫೋನಿನ ಆ್ಯಪ್‌ಗಳಲ್ಲೂ ಉಂಟು. ಭರತ (ಅಂದರೆ ಉಬ್ಬರ), ಇಳಿತ ಎರಡೂ ದಿನಕ್ಕೆ ಎರಡು ಸಲ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹಾಗಾಗಿ ಮೊದಲ ದಿನದ ಇಳಿತ ಬೆಳಿಗ್ಗೆ 6ಕ್ಕೆ ಬೀಳುವಂತೆ ದಿನ ಆರಿಸಿದರೆ ನಾಲ್ಕನೆಯ ದಿನ ಅದು ಎಂಟೂವರೆಗೆ ಬರುತ್ತದೆ, ನಾಲ್ಕೂ ದಿನ ಬೆಳಗಿನ ನಡಿಗೆಗೆ ಗಟ್ಟಿ ನೆಲ ಸಿಗುತ್ತದೆ. ಇಳಿತಕ್ಕೆ ಎರಡು ಗಂಟೆ ಮೊದಲಿಂದ ಎರಡು ಗಂಟೆ ನಂತರದವರೆಗಿನದು ಚಿನ್ನದಂಥ ಹೊತ್ತು. ನಮ್ಮ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ, ಪಟ್ಟಿಯಲ್ಲಿ ಗಂಟೆಯ ಜೊತೆ ಎತ್ತರದ ಅಂಕಿಯನ್ನೂ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇಳಿತ ಹೆಚ್ಚು, ಭರತವೂ ಹೆಚ್ಚು. ಇಳಿತದಲ್ಲಿ ನಿರಾಳವಾಗಿ ದಾಟಿದ ಜಾಗ ಮಧ್ಯಾಹ್ನ ನೀರಿನಡಿ ಹೋಗಿರುತ್ತದೆ.

ಹೆಜ್ಜೆ ಎಲ್ಲಿಡಬೇಕು? ನೀರು ಈಗಷ್ಟೇ ಇಳಿದು, ಮರಳು ಕಪ್ಪಾಗಿದ್ದು, ಹೊಳಪು ಆರಿದ ಪಟ್ಟಿಯಲ್ಲಿ. ಹಿಮ್ಮಡಿಯ ಗುರುತು ತೆಳ್ಳಗೆ ಮೂಡಿದರೆ ಜಾಗ ಸರಿ. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಒಳಗಿನ್ನೂ ನೀರುಂಟು, ಕಾಲು ಹೂತುಹೋಗುತ್ತದೆ. ಒಣಗಿ ಬೆಳ್ಳಗಾದದ್ದರ ಮೇಲೆ ಶಕ್ತಿ ಸೋರುತ್ತದೆ. ದಡ ಪಡುವಣಕ್ಕೆ ಇಳಿಜಾರಾಗಿರುವುದರಿಂದ ಉತ್ತರಕ್ಕೆ ನಡೆಯುವವರ ಎಡಗಾಲು ಸದಾ ತಗ್ಗಿನಲ್ಲಿರುತ್ತದೆ. ಎರಡನೆಯ ದಿನ ಮೊಣಕಾಲಿನ ಹೊರಬದಿ ಅಥವಾ ಸೊಂಟ ಹಿಡಿದುಕೊಳ್ಳುವುದು ಇದರಿಂದಲೇ. ಗಂಟೆಗೊಮ್ಮೆ ಮೇಲೆ ಹತ್ತಿ ಹತ್ತು-ಹದಿನೈದು ನಿಮಿಷ ರಸ್ತೆಯಲ್ಲಿ ನಡೆಯುವುದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ.

ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಗುರುಪುರ ಹೊಳೆ ದಾಟಿದರೆ ತಣ್ಣೀರುಬಾವಿ. ಅಲ್ಲಿಂದ ಪಣಂಬೂರು ಬೀಚಿಗೆ ಐದಾರು ಕಿ.ಮೀ. ಮರಳು. ಪಣಂಬೂರಿನಲ್ಲಿ ದಾರಿ ಮುಗಿಯಿತು, ಮುಂದೆ ಬಂದರು. ಅಲೆತಡೆಯ ಬಂಡೆ ಹತ್ತಿ ಆಚೆ ಇಣುಕುವ ಯೋಚನೆಯೇ ಬೇಡ, ಅದು ಭದ್ರತಾ ವಲಯ. ಪೂರ್ವಕ್ಕೆ ಹೆದ್ದಾರಿಗೆ ಬಂದು, ಬೈಕಂಪಾಡಿ ದಾಟಿ, ಮತ್ತೆ ಪಡುವಣಕ್ಕೆ ತಿರುಗಿ ಚಿತ್ರಾಪುರ ಅಥವಾ ಹೊಸಬೆಟ್ಟಿನಲ್ಲಿ ಕಡಲು ಸೇರಬೇಕು. ಈ ಸುತ್ತು ಇಡೀ ನಡಿಗೆಯ ಅತಿ ಬೇಸರದ ತುಂಡು. ಲಾರಿ, ಟ್ಯಾಂಕರ್, ಧೂಳು. ರಸ್ತೆಯ ಬಲಬದಿಯಲ್ಲಿ, ವಾಹನಕ್ಕೆ ಎದುರಾಗಿ ನಡೆಯಿರಿ. ಇಷ್ಟನ್ನು ಬಸ್ಸಿನಲ್ಲಿ ದಾಟಿದರೂ ನಷ್ಟವೇನಿಲ್ಲ. ಸುರತ್ಕಲ್‌ನಲ್ಲಿ ಲಾಡ್ಜ್ ಸಿಗುತ್ತದೆ, ಮೊದಲ ದಿನಕ್ಕೆ 14 ಕಿ.ಮೀ. ಸಾಕು.

ಎರಡನೆಯ ದಿನ ಉದ್ದ, 20ಕ್ಕೂ ಮಿಕ್ಕಿ. ದೀಪಸ್ತಂಭ, ಎನ್‌ಐಟಿಕೆ ಬೀಚ್, ಮುಕ್ಕ, ಸಸಿಹಿತ್ಲು. ಮುಕ್ಕದಿಂದ ಮುಂದೆ ಕಡಲ್ಕೊರೆತದ ಜಾಗಗಳುಂಟು, ಅಲ್ಲಿ ದಡದ ಬದಲು ಬಂಡೆ ಪೇರಿಸಿದ ತಡೆಗೋಡೆ. ಬಂಡೆಯಿಂದ ಬಂಡೆಗೆ ಹಾರಿ ಹೋಗಬೇಡಿ. ಕೆಳಗಿನವು ಪಾಚಿಗಟ್ಟಿ ಜಾರುತ್ತವೆ, ಮೇಲಿನವು ಕೆಲವು ಅಲ್ಲಾಡುತ್ತವೆ, ಸಂದಿಯಲ್ಲಿ ಕಾಲು ಸಿಕ್ಕಿದರೆ ಎಬ್ಬಿಸಲು ಜೊತೆಗೆ ಯಾರೂ ಇಲ್ಲ. ಗೋಡೆ ಕಂಡಕೂಡಲೇ ಹಿಂದಿನ ರಸ್ತೆಗೆ ಬಂದುಬಿಡಿ. ಸಸಿಹಿತ್ಲಿನ ತುದಿಯಲ್ಲಿ ನಂದಿನಿ, ಶಾಂಭವಿ ಕೂಡಿ ಕಡಲು ಸೇರುವ ಅಳಿವೆ. ಆಚೆ ದಡದ ಹೆಜಮಾಡಿ ಕೋಡಿ ಕೂಗಿದರೆ ಕೇಳುವಷ್ಟು ಹತ್ತಿರ ಕಾಣುತ್ತದೆ, ಮೋಸಹೋಗುವುದು ಅಲ್ಲಿಯೇ. ಇಳಿತದ ಹೊತ್ತಿಗೆ ಎರಡು ಹೊಳೆಗಳ ನೀರು ಅದೇ ಬಾಗಿಲಲ್ಲಿ ಕಡಲಿಗೆ ನುಗ್ಗುತ್ತದೆ, ಮೊಣಕಾಲುದ್ದದ ನೀರೂ ಕಾಲು ಕಿತ್ತು ಒಯ್ಯುತ್ತದೆ. ಕಳೆದ ವರ್ಷ ಮರಳದಿಣ್ಣೆ ಇದ್ದಲ್ಲಿ ಈ ವರ್ಷ ಆಳ. ಫೋನಿನ ನಕ್ಷೆಯ ಉಪಗ್ರಹ ಚಿತ್ರ ಯಾವ ಕಾಲದ್ದೋ, ಅದನ್ನು ನಂಬಿ ಹೊಳೆಗಿಳಿಯಬಾರದು. ತುದಿಯವರೆಗೆ ಹೋಗಿ ಬರುವ ಆಸೆ ಇಲ್ಲದಿದ್ದರೆ ಸೇತುವೆಯ ಕಡೆಗೇ ತಿರುಗಿ ಹಳೆಯಂಗಡಿ, ಅಲ್ಲಿಂದ ಮುಲ್ಕಿ, ಶಾಂಭವಿ ಸೇತುವೆ, ಹೆಜಮಾಡಿ. ಸುತ್ತು ಹನ್ನೆರಡು ಕಿ.ಮೀ. ಹತ್ತಿರ. ಮೀನಿನ ದೋಣಿಯವರು ಒಪ್ಪಿ ದಾಟಿಸಿದರೆ ಸರಿ, ಅದನ್ನೇ ನೆಚ್ಚಿ ಯೋಜನೆ ಹಾಕಬೇಡಿ. ಕೇಳುವ ಕ್ರಮವೂ ಉಂಟು: "ಅಣ್ಣಾ, ಆಚೆ ಬಿಡ್ಲಿಕ್ಕೆ ಆಗ್ತದಾ?" ಎಂದು ಕೇಳಿ ಸುಮ್ಮನೆ ನಿಲ್ಲುವುದು. ಬೇಡ ಅಂದರೆ ಅವರಿಗೆ ನೀರು ಗೊತ್ತು ಎಂದೇ ಅರ್ಥ.

ಪಡುಬಿದ್ರಿಯಲ್ಲಿ ಬೆನ್ನಿಗೆ ಕಾಮಿನಿ ಹೊಳೆ ಇರುವ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಬಂತು. ಶೌಚಾಲಯ, ಸಿಹಿನೀರಿನ ಸ್ನಾನ ಸಿಗುವುದರಿಂದ ನಡೆಯುವವರಿಗೆ ಅನುಕೂಲ.

ಮೂರನೆಯ ದಿನದ ಎರ್ಮಾಳು, ಉಚ್ಚಿಲ, ಮೂಳೂರು, ಕಾಪು ಸಾಲು ಸಲೀಸು. ಕಾಪುವಿನ ದೀಪಸ್ತಂಭ 1901ರದ್ದು, 27 ಮೀಟರ್ ಎತ್ತರ. ಬಂಡೆಯ ಮೇಲೆ ನಿಂತಿರುವುದರಿಂದ ಬಹುದೂರದಿಂದ ಕಾಣುತ್ತದೆ, ಎಷ್ಟು ನಡೆದರೂ ಹತ್ತಿರವಾಗದಂತೆ ಅನಿಸುತ್ತದೆ. ಈ ಸಾಲಿನಲ್ಲಿ ಕೈರಂಪಣಿ, ಅಂದರೆ ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ, ಎಳೆಯುವವರು ಸಿಗುತ್ತಾರೆ. ಎರಡು ಕಡೆಯಿಂದ ಹಗ್ಗ ಕಡಲೊಳಗೆ ಹೋಗಿರುತ್ತದೆ. ಬಿಗಿಯಾದ ಹಗ್ಗವನ್ನು ದಾಟಬೇಡಿ, ಅಲೆ ಎಳೆದಾಗ ಅದು ಸೊಂಟದೆತ್ತರಕ್ಕೆ ಚಿಮ್ಮುತ್ತದೆ. ಎಳೆಯುವವರ ಬೆನ್ನ ಹಿಂದಿನಿಂದ, ತೋಟದ ಬದಿಗೆ ಸುತ್ತಿ ಹೋಗಿ. ಬಲೆ ಕೊಡವಿದ ಜಾಗದಲ್ಲಿ ಮೀನಿನ ಮುಳ್ಳು, ಅಂಬಲಿ ಮೀನು (ಜೆಲ್ಲಿಫಿಶ್) ಬಿದ್ದಿರುತ್ತವೆ, ಬರಿಗಾಲು ಬೇಡ. ಅಂಬಲಿ ಮೀನು ತಾಗಿದರೆ ಉಜ್ಜದೆ ಕಡಲ ನೀರಲ್ಲೇ ತೊಳೆಯಿರಿ. ಸಿಹಿನೀರು ಹಾಕಿದರೆ ಉರಿ ಜಾಸ್ತಿಯಾಗುತ್ತದೆ.

ಕಾಪು ದಾಟಿದ ಮೇಲೆ ಮಟ್ಟು, ಗುಳ್ಳ ಬದನೆಯ ಊರು. ಅಲ್ಲಿಂದ ಪಡುಕೆರೆಯವರೆಗೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಕಿರಿದಾದ ನೆಲ, ಅದರ ಮೇಲೆ ರಸ್ತೆ. ನಡಿಗೆಯ ಅತಿ ಚಂದದ ತುಂಡು ಇದೇ. ರಾತ್ರಿಗೆ ಈ ಭಾಗದ ಹೋಮ್‌ಸ್ಟೇ ಒಂದನ್ನು ಮೊದಲೇ ಹೇಳಿಟ್ಟಿರಬೇಕು, ವಾರಾಂತ್ಯದಲ್ಲಿ ಜಾಗ ಇರುವುದಿಲ್ಲ. ಮರಳಿನ ಮೇಲೆ ಟೆಂಟ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ರಾತ್ರಿಯ ಭರತ, ನಾಯಿಗಳ ಹಿಂಡು, ವಿಚಾರಿಸಲು ಬರುವ ಪೊಲೀಸರು, ಯಾವುದೂ ನಿದ್ದೆಗೆ ಬಿಡುವುದಿಲ್ಲ. ಕಡಲಾಮೆ ಮೊಟ್ಟೆಯಿಡಲು ಬರುವ ಕಾಲವೂ ಇದೇ, ಬೆಳಕು ಕಂಡರೆ ಅದು ಹಿಂದಿರುಗುತ್ತದೆ.

ಚೀಲ ನೀರು ಬಿಟ್ಟು 5 ಕಿಲೋ ಮೀರಬಾರದು. ಎರಡು ಜೊತೆ ಬಟ್ಟೆ, ಮೂರು ಜೊತೆ ತೆಳು ಕಾಲುಚೀಲ, ಒಂದು ಬೈರಾಸು, ಟಾರ್ಚ್, 10,000 ಎಂಎಎಚ್‌ನ ಪವರ್ ಬ್ಯಾಂಕ್, ಮೂರಡಿಯ ಕೋಲು. ಟೊಪ್ಪಿಗೆ ಗದ್ದದ ಕೆಳಗೆ ಕಟ್ಟುವ ದಾರ ಬೇಕೇ ಬೇಕು. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಡಿ. ಉಪ್ಪಿನ ಗಾಳಿಗೆ ಫೋನಿನ ಚಾರ್ಜಿಂಗ್ ತೂತು ತೇವ ಹಿಡಿಯುತ್ತದೆ, ಒಣಗದೆ ಚಾರ್ಜಿಗೆ ಹಾಕಿದರೆ ಕೆಡುತ್ತದೆ.

ನೀರು ಮೂರು ಲೀಟರ್, ಗಂಟೆಗೆ ಅರ್ಧ ಲೀಟರಿನಂತೆ. ಬೆವರು ಆರದ ಊರು ನಮ್ಮದು, ಬರೀ ನೀರು ಕುಡಿದರೆ ಉಪ್ಪು ಕಡಿಮೆಯಾಗಿ ತಲೆನೋವು, ಮೀನಖಂಡದ ಸೆಳೆತ. ದಿನಕ್ಕೆ ಒಂದು ಓಆರ್‌ಎಸ್ ಪೊಟ್ಟಣ, ಸರಿಯಾಗಿ ಒಂದು ಲೀಟರಿಗೆ. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದಕ್ಕೆ ಚಿಟಿಕೆ ಉಪ್ಪು ಹಾಕಿಯೇ ಕುಡಿಯುತ್ತೇನೆ. ಬುತ್ತಿಗೆ 200 ಗ್ರಾಂ ಅವಲಕ್ಕಿ, ಬೆಲ್ಲ. ಹಸಿ ತೆಂಗಿನತುರಿ ಮಧ್ಯಾಹ್ನಕ್ಕೆ ಹಳಸುತ್ತದೆ, ಕೊಬ್ಬರಿ ತುರಿ ಬಾಳುತ್ತದೆ.

ಚಪ್ಪಲಿಗಿಂತ ಹಳೆಯ, ಪಳಗಿದ ಶೂ ಮೇಲು. ಪಟ್ಟಿಯಡಿ ಸೇರಿದ ಮರಳು ಚರ್ಮವನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ಹಿಮ್ಮಡಿಗೂ ಕಿರುಬೆರಳಿಗೂ ಹೊರಡುವ ಮೊದಲೇ ಪ್ಲಾಸ್ಟರ್ ಅಂಟಿಸಿ, ಗುಳ್ಳೆ ಎದ್ದ ಮೇಲಲ್ಲ. ಎರಡು ಗಂಟೆಗೊಮ್ಮೆ ಶೂ ಬಿಚ್ಚಿ ಕೊಡವಿ, ಕಾಲುಚೀಲ ಬದಲಿಸಿ. ತೊಡೆಯ ಸಂದಿಗೆ ವ್ಯಾಸಲಿನ್. ರಾತ್ರಿ ಕಾಲನ್ನು ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಒಂಟಿಯಾಗಿ ಹೋಗುವಾಗ ದಿನಕ್ಕೆ ಎರಡು ಹೊತ್ತು, ಹೊರಡುವಾಗ ಮತ್ತು ತಲುಪಿದಾಗ, ಮನೆಗೆ ಸಂದೇಶ ಕಳಿಸುವುದು ನನ್ನ ಕಟ್ಟುಪಾಡು. ತುರ್ತಿಗೆ 112, ಕಡಲಲ್ಲಿ ಯಾರಾದರೂ ಸಿಕ್ಕಿಕೊಂಡದ್ದು ಕಂಡರೆ ಕೋಸ್ಟ್ ಗಾರ್ಡ್‌ನ 1554. ಹೆದ್ದಾರಿ 66 ಎಲ್ಲಿಂದಲೂ ಬಹಳ ದೂರವಿಲ್ಲ, ಕಾಲು ಕೆಟ್ಟರೆ ಪೂರ್ವಕ್ಕೆ ಹೋಗುವ ಯಾವ ಓಣಿ ಹಿಡಿದರೂ ಕೊನೆಗೆ ಬಸ್ಸು ಸಿಗುತ್ತದೆ.

ನಾಲ್ಕನೆಯ ದಿನ ಪಡುಕೆರೆ ಸೇತುವೆಯಿಂದ ಮಲ್ಪೆ. ಬಂದರಿನೊಳಗೆ ಹಾಯಬೇಡಿ, ಐಸ್, ಬುಟ್ಟಿ, ಗಾಡಿಗಳ ನಡುವೆ ಬೆಳಿಗ್ಗೆ ನಡೆಯುವವರು ಬರೀ ಅಡ್ಡಿ. ಹೊರಗಿನ ರಸ್ತೆಯಿಂದ ಬೀಚಿಗೆ ಬಂದು ತೊಟ್ಟಂ, ಹೂಡೆ ದಾಟಿದರೆ ಕೋಡಿಬೆಂಗ್ರೆ. ಸುವರ್ಣಾ, ಸೀತಾ ಕಡಲು ಸೇರುವ ತುದಿಯಲ್ಲಿ ಮರಳಿನ ಅಂಚು ಕೆಳಗಿನಿಂದ ಕೊರೆದು ನೇರ ಕಡಿದಂತಿದ್ದರೆ ಹತ್ತಡಿ ಹಿಂದೆಯೇ ನಿಲ್ಲಿ, ಅದು ಭಾರಕ್ಕೆ ಕುಸಿಯುತ್ತದೆ. ಮರಳಿ ಹೋಗುವವರಿಗೆ ಉಡುಪಿಯ ಬಸ್ಸು ಉಂಟು. ಕುಂದಾಪುರದ ಕಡೆ ಮುಂದುವರಿಯುವವರು ಹಂಗಾರಕಟ್ಟೆಗೆ ಬಾರ್ಜಿನಲ್ಲಿ ದಾಟಬೇಕು, ಕೊನೆಯ ಬಾರ್ಜ್ ಎಷ್ಟು ಹೊತ್ತಿಗೆಂದು ಹೂಡೆಯಲ್ಲಿ ಚಾ ಕುಡಿಯುವಾಗಲೇ ಕೇಳಿಕೊಳ್ಳಿ.